ಐದು ಮಾತಿನ ಅಕ್ಕ

ಬೆಳಿಗ್ಗೆ ಆರೂವರೆ. ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಓಣಿಯ ಕೊನೆಯ ಮನೆಯಲ್ಲಿ ಬಡಗಿಯೊಬ್ಬರು ತಾವೇ ಹಿಂದೊಮ್ಮೆ ಮಾಡಿದ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಎದುರಿಗೆ, ಒಂದು ಕಾಲು ಅಲುಗಾಡುವ ಸ್ಟೂಲಿನ ಮೇಲೆ, ಐವತ್ತರ ಆಸುಪಾಸಿನ ಹೆಂಗಸು. ಮಡಿಲಲ್ಲಿ ಫೈಲು. ಮಗುವಿನ ಬಾಯಿಗೆ ತುತ್ತಿಡುವಷ್ಟು ನಿಧಾನವಾಗಿ ಆಕೆ ಒಂದೊಂದೇ ಪದ ಹೇಳುತ್ತಾರೆ:

"ಕನ್ನಡಿ. ಹಡಗು. ಬೀಗ. ಮೊಲ. ಕಂಬಳಿ. ಇಪ್ಪತ್ತು ನಿಮಿಷ ಬಿಟ್ಟು ಕೇಳ್ತೀನಣ್ಣ, ನೆನಪಿಟ್ಕೊಳ್ಳಿ."

ಬಡಗಿ ತಲೆಯಾಡಿಸುತ್ತಾರೆ. ಬಾಗಿಲ ಬಳಿ ನಿಂತ ಅವರ ಹೆಂಡತಿಯ ಮುಖ ಮಾತ್ರ, ಯಾಕೋ, ಥಟ್ಟನೆ ಬಾಡುತ್ತದೆ.

ಫೈಲು ಹಿಡಿದ ಹೆಂಗಸಿಗೆ ಆಸ್ಪತ್ರೆಯ ಕಾಗದಪತ್ರದಲ್ಲಿ ಕ್ಷೇತ್ರ ಸಹಾಯಕಿ ಎಂಬ ಹೆಸರು. ಮನೆಗಳಲ್ಲಿ ಮಾತ್ರ ಅವರು 'ಐದು ಮಾತಿನ ಅಕ್ಕ'. ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದವರು ಮನೆ ಸೇರಿದ ಮೇಲೆ ಹೇಗೆ ಬದುಕುತ್ತಾರೆ ಎಂದು ತಿಳಿಯುವ ಸಂಶೋಧನೆಯೊಂದು ಹನ್ನೊಂದು ವರ್ಷದಿಂದ ನಡೆದಿದೆ. ದೊಡ್ಡ ಯಂತ್ರಗಳೆಲ್ಲ ಆಸ್ಪತ್ರೆಯಲ್ಲಿವೆ. ಬಾಗಿಲು ತಟ್ಟುವ ಕೈ ಅಕ್ಕನದು. ಮುನ್ನೂರ ನಲವತ್ತು ಮನೆ. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ದಿನಕ್ಕೆ ಎರಡಕ್ಕಿಂತ ಹೆಚ್ಚು ಮನೆ ಆಗದು. "ಪೆಟ್ಟು ತಿಂದ ತಲೆ ಬೆಳಿಗ್ಗೆ ಹಗುರಾಗಿರುತ್ತೆ. ಹತ್ತು ಗಂಟೆ ಹೊತ್ತಿಗೆ ದಣಿದುಬಿಡುತ್ತೆ. ಅದಕ್ಕೇ ನಾನು ಹಾಲಿನವರ ಜೊತೆಜೊತೆಗೇ ಹೊರಡೋದು" ಎಂದು ನಗುತ್ತಾರೆ.

ಮೊದಲು ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಕೈಕಾಲು ಆಡದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಿ ತಿರುಗಿಸಿ ಸ್ವಂತ ಸೊಂಟವೇ ಕೈಕೊಟ್ಟಿತು. ಕೆಲಸ ಬಿಟ್ಟು ಮನೆಗೆ ಹೋಗುವುದೇ ಸರಿ ಎಂದುಕೊಂಡಿದ್ದಾಗ ಸಂಶೋಧನೆಯ ಡಾಕ್ಟರಮ್ಮ ಕರೆದು, "ನಿಮಗೆ ಎಲ್ಲರ ಹೆಸರೂ ಗೊತ್ತು. ಹೋಗಿ ಕೇಳ್ಕೊಂಡು ಬರ್ತೀರಾ?" ಎಂದರಂತೆ.

ಕೇಳುವುದು ಅಂದುಕೊಂಡಷ್ಟು ಸುಲಭವಲ್ಲ. ಅಕ್ಕನ ಹುಬ್ಬಿನ ಮೇಲೊಂದು ಗಾಯದ ಗೆರೆಯಿದೆ. ಪ್ರಶ್ನೆಯ ನಡುವೆ ಒಬ್ಬ ಹುಡುಗ ಸಿಟ್ಟಿಗೆದ್ದು ಲೋಟ ಎಸೆದಿದ್ದ. "ಎಸೆದದ್ದು ಅವನಲ್ಲ, ಅವನ ಪೆಟ್ಟು. ಮುಂದಿನ ವರ್ಷ ಹೋದಾಗ, 'ಅಯ್ಯೋ, ಹುಬ್ಬಿಗೆ ಏನಾಯ್ತಕ್ಕ?' ಅಂತ ಅವನೇ ಕೇಳ್ದ. ಬಾಗಿಲು ತಾಗ್ತು ಅಂದೆ."

ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಆ ಐದು ಪದಗಳ ಸುದ್ದಿ ಎತ್ತಬಾರದು ಎಂಬುದೊಂದೇ ನಿಯಮ. ಮಿಕ್ಕ ಮಾತಿಗೆ ತಡೆಯಿಲ್ಲ. ಅಕ್ಕ ಪಾರಾಯಣ ಕೇಳಲು ಕೂತವರ ಹಾಗೆ ಕೈಕಟ್ಟಿ ಕೂರುತ್ತಾರೆ. ಏಣಿಯಿಂದ ಬಿದ್ದು ಮೂರು ವರ್ಷವಾದರೂ ಬಡಗಿಯವರಿಗೆ ಹೊಸದೇನೂ ತಲೆಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ಬೀದಿಯಲ್ಲಿ ದಾರಿ ತಪ್ಪಿ ಸಂಜೆಯವರೆಗೆ ಅಲೆದ ಮೇಲೆ ಹೆಂಡತಿ ಬಾಗಿಲಿಗೆ ಚಿಲಕ ಹಾಕಿಯೇ ಇಡುತ್ತಾರೆ. "ದಿನಾ ಎದ್ದ ಕೂಡ್ಲೆ ಕೇಳ್ತಾರಕ್ಕ, ಅಂಗಡಿ ತನಕ ಒಬ್ನೇ ಹೋಗ್ಲಾ ಅಂತ. ಇವತ್ತು ಬೇಡ ರೀ ಅಂತೀನಿ. ಇವತ್ತು ಬೇಡ ಅಂದು ಅಂದೇ ಎರಡು ವರ್ಷ ಆಯ್ತು."

ಗೋಡೆ ಗಡಿಯಾರ ನೋಡಿ ಅಕ್ಕ, "ಈಗ ಹೇಳಣ್ಣ" ಎನ್ನುತ್ತಾರೆ.

ಬಡಗಿ ಕಣ್ಣು ಮುಚ್ಚುತ್ತಾರೆ. ಪಾದ ನೆಲ ತಟ್ಟುತ್ತದೆ. "ದೀಪ. ಕುದುರೆ. ಬಾಗಿಲು. ಮೋಡ. ಹಗ್ಗ."

ಒಂದಾದರೂ ಇಂದಿನ ಪದವಲ್ಲ. ಅಕ್ಕ ಫೈಲಿನ ಹಾಳೆ ಹಿಂದಕ್ಕೆ ಮಗುಚುತ್ತಾರೆ. ಅವು ಹೋದ ವರ್ಷದ ಐದು ಪದಗಳು, ಅದೇ ಸಾಲಿನಲ್ಲಿ. ಅಂದು ಇಪ್ಪತ್ತು ನಿಮಿಷದ ಮೇಲೆ ಅವರು ಒಂದನ್ನೂ ಹೇಳಿರಲಿಲ್ಲ.

ಹೆಂಡತಿ ಸೆರಗು ಬಾಯಿಗೊತ್ತಿಕೊಳ್ಳುತ್ತಾರೆ. "ತಪ್ಪು ನಂದೇ ಅಕ್ಕ. ಹೋದ ವರ್ಷ ನೀವು ಮೊದಲ ಸಲ ಬಂದಾಗ ಇವರು ಬಾಯೇ ಬಿಡ್ಲಿಲ್ಲ. ಇನ್ನು ಪ್ರಯೋಜನ ಇಲ್ಲ ಅಂತ ನೀವೆಲ್ಲ ಕೈಬಿಟ್ಬಿಟ್ರೆ? ಅದಕ್ಕೇ ವರ್ಷಪೂರ್ತಿ ಕಲಿಸ್ದೆ. ಒಳಗಿಂದ ಬಾಗಿಲ ತನಕ ನಡೆಸ್ಕೊಂಡು, ಹೆಜ್ಜೆಗೊಂದು ಪದ, ರಾಗ ಹಾಕಿ. ಮೊದಲ ತಿಂಗಳೆಲ್ಲ ಬರೀ ದೀಪ. ಪದ ಬದಲಾಯಿಸ್ತೀರಿ ಅಂತ ಯಾರಿಗೆ ಗೊತ್ತಿತ್ತು?"

"ಏನಂತೆ? ನಾನು ಫೇಲಾ?" ಬಡಗಿ ಕೇಳುತ್ತಾರೆ.

"ನೀವು ಪಾಸು ರೀ. ಫೇಲಾಗಿದ್ದು ನಾನು."

ಅಳುವ ಬಾಯಲ್ಲೇ ನಗು ಬರುತ್ತದೆ. ಅಕ್ಕ ಪೆನ್ನು ತೆಗೆದು ಫಾರಮ್ಮಿನಲ್ಲಿ ಐದಕ್ಕೆ ಸೊನ್ನೆ ಎಂದು ಬರೆಯುತ್ತಾರೆ. ಹೆಂಡತಿಯ ಕಣ್ಣು ಆ ಸೊನ್ನೆಯ ಮೇಲೇ ಇದೆ. "ಸುಳ್ಳು ಬರೆಯೋಕೆ ಆಗಲ್ಲಮ್ಮ. ಆದ್ರೆ ಪಕ್ಕದಲ್ಲಿ ಜಾಗ ಇದೆ, ನೋಡು" ಎಂದು, ಸಣ್ಣ ಅಕ್ಷರದಲ್ಲಿ, ಅಂಚಿನ ಉದ್ದಕ್ಕೂ ಎಲ್ಲವನ್ನೂ ತುಂಬುತ್ತಾರೆ: ಹೆಜ್ಜೆ, ರಾಗ, ಮೊದಲ ತಿಂಗಳ ದೀಪ. ಜಾಗ ಸಾಲದೆ ಹಾಳೆ ಮಗುಚುತ್ತಾರೆ.

ಆ ಅಂಚನ್ನು ಓದಿದ ಡಾಕ್ಟರಮ್ಮ ಮರುವಾರವೇ ಅದೇ ಓಣಿಗೆ ಬಂದರು. "ಒಂದು ಮನೆಯಿಂದ ಏನೂ ಸಾಬೀತಾಗಲ್ಲ. ಆದ್ರೆ ಮನೆಯವರು ಏನು ಕಲಿಸ್ತಿದ್ದಾರೆ ಅಂತ ಇಷ್ಟು ವರ್ಷ ನಾವು ಕೇಳೇ ಇರ್ಲಿಲ್ಲ" ಎನ್ನುತ್ತಾರೆ ಅವರು. ಹೊಸ ಫಾರಮ್ಮಿನಲ್ಲಿ ಈಗ ಆ ಪ್ರಶ್ನೆಯೂ ಇದೆ. ಅಂದು ಹೊರಡುವಾಗ ಬಡಗಿಯ ಹೆಂಡತಿಗೆ ಅವರು ಹೇಳಿದ್ದಿಷ್ಟೇ: "ಕುದುರೆ, ಮೋಡ ಕಟ್ಕೊಂಡು ಏನ್ ಮಾಡ್ತೀರಮ್ಮ? ಅವರಿಗೆ ಬೇಕಾದ ಐದನ್ನ ಕಲಿಸಿ."

ಅದಾಗಿ ಏಳು ತಿಂಗಳು. ಇಂದು ಭೇಟಿಯ ದಿನವಲ್ಲದಿದ್ದರೂ ಅಕ್ಕ ಬಂದಿದ್ದಾರೆ. ಬಾಗಿಲು ತೆರೆದಿದೆ, ಬಡಗಿ ಒಬ್ಬರೇ ಅಂಗಡಿಗೆ ಹೊರಟಿದ್ದಾರೆ. ಹಸಿರು ಗೇಟು, ನಲ್ಲಿ, ದರ್ಜಿ ಅಂಗಡಿ, ದೀಪದ ಕಂಬ, ಕಬ್ಬಿಣದ ಸಾಮಾನಿನ ಅಂಗಡಿ: ಹೊಸ ಪಾಠ ಇದು. "ಹೋಗೋದು ಬೇಗ ಕಲಿತ್ರು. ತಿರುಗಿ ಬರೋದಕ್ಕೆ ಉಲ್ಟಾ ಹೇಳ್ಬೇಕಲ್ಲ, ಅದಕ್ಕೆ ಇನ್ನೂ ಎರಡು ತಿಂಗಳು ಹಿಡೀತು" ಎನ್ನುತ್ತಾ ಹೆಂಡತಿ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದಾರೆ. ಗಂಡನ ಹಿಂದೆ ಹೋಗಬಾರದೆಂದು ಅಕ್ಕ ಆಕೆಯ ಮುಂಗೈ ಹಿಡಿದಿದ್ದಾರೆ. ಹನ್ನೆರಡು ನಿಮಿಷ. ಹದಿನೈದು.

ಹಸಿರು ಗೇಟಿನ ಬಳಿ ಬಡಗಿ ಕಾಣಿಸುತ್ತಾರೆ. ತುಟಿ ಅಲ್ಲಾಡುತ್ತಿದೆ. ಕೈಯಲ್ಲೊಂದು ಪೊಟ್ಟಣ.

"ಮೊಳೆ ಯಾಕ್ರೀ ಈಗ?" ಹೆಂಡತಿ ಪೊಟ್ಟಣ ಬಿಡಿಸಿ ನೋಡುತ್ತಾರೆ.

"ಅಕ್ಕೋರು ಬಂದಾಗೆಲ್ಲ ಸ್ಟೂಲು ಅಲುಗಾಡುತ್ತೆ. ನೋಡೋಕಾಗಲ್ಲ."

ಅಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಒಳಗೆ ಸುತ್ತಿಗೆಯ ಸದ್ದು ಶುರುವಾಗುತ್ತದೆ. ಈ ಕೆಲಸಕ್ಕೆ ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಫೈಲು ಬಿಡಿಸಿ ಹಾಳೆಯ ಅಂಚಿನ ಮೇಲೆ ಎರಡು ಬೆರಳಿಟ್ಟು ತೋರಿಸುತ್ತಾರೆ. "ಇಲ್ಲಿ ಇನ್ನೊಂದು ಬೆರಳು ಜಾಗ ಬಿಡಿಸಿದ್ರೆ ಸಾಕು. ಜನರ ಹತ್ರ ಹೇಳೋದು ತುಂಬಾ ಇರುತ್ತೆ."