ತೊಗರಿ ಗೋದಾಮಿನಲ್ಲಿ ಗುರಿ ಕಲಿತದ್ದು

ಅಕ್ಕನ ಗಂಡನನ್ನು ನಾವು ಮಾಮಾ ಅಂತ ಕರೆಯುತ್ತೇವೆ. ಮಿಲಿಟರಿಯಿಂದ ರಿಟೈರಾಗಿ ಸೇಡಂಗೆ ಬಂದ ಮೇಲೆ ಅವರನ್ನು ಸಿಮೆಂಟ್ ಫ್ಯಾಕ್ಟರಿಯ ಗೇಟಿಗೆ ಸೆಕ್ಯುರಿಟಿ ಅಂತ ಕರೆದವರು ಬಹಳ ಜನ. ಆದರೆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂಡಬೇಕಾಗುತ್ತದೆ, ಮಾಮಾಗೆ ಕೂಡುವುದೇ ಆಗದು. ಊಟವನ್ನೂ ಅರ್ಧ ನಿಂತೇ ಮಾಡುವ ಮನುಷ್ಯ. ಒಂದು ದಿನ ಹೋಗಿ, ಬಂದ್ ಬಿದ್ದಿದ್ದ ಒಂದು ದಾಲ್ ಮಿಲ್ಲಿನ ಗೋದಾಮನ್ನು ಬಾಡಿಗೆಗೆ ಹಿಡಿದರು. ಗೋಡೆಗೆ ಸುಣ್ಣ ಹೊಡೆಸಿ, ಹತ್ತು ಮೀಟರ್ ಅಳೆದು ನೆಲಕ್ಕೆ ಗೆರೆ ಎಳೆದು, ಏರ್ ರೈಫಲ್ ಕಲಿಸುತ್ತೇನೆ ಅಂತ ಬೋರ್ಡು ಹಾಕಿದರು.

ಕ್ಲಬ್ಬಿಗೆ ಹೆಣ್ಣುಮಕ್ಕಳೂ ಬರಬೇಕು ಅನ್ನುವುದು ಅವರ ಹಟ. ಮೊದಲು ಅಕ್ಕನನ್ನೇ ಕರೆದರು. ಅಕ್ಕ ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಮನ್ಯಾಗ ನಿಮ್ಮ ಮುಂದ ನಿಂತು ನಿಂತು ಸಾಕಾಗ್ಯದ. ಅಲ್ಲೂ ಬಂದು ನಿಂದರಲ್ಯಾ? ನನ್ನ ತಂಗೀನ್ನ ಕರಕೊಂಡ ಹೋಗ್ರಿ. ಆಕಿ ಹೆಂಗೂ ಸಾಲ್ಯಾಗ ನಿಂತೇ ಇರ್ತಾಳ."

ನಾನು ಹೈಸ್ಕೂಲಿನ ಗಣಿತದ ಟೀಚರ್. ನಲವತ್ತು ದಾಟಿದ್ದೆ. ನಿಲ್ಲುವ ಅನುಭವ ಇದೆ ಅನ್ನುವ ಒಂದೇ ಅರ್ಹತೆಯ ಮೇಲೆ ನಾನು ಬಂದೂಕು ಹಿಡಿದವಳು.

ಹಿಡಿದೆ ಅಷ್ಟೇ, ಹೊಡೆಯಲಿಲ್ಲ. ಮೊದಲ ಕೆಲವು ವಾರ ಮಾಮಾ ಕ್ಲಬ್ಬಿಗೆ ಸೇರಿದ ನಮಗ್ಯಾರಿಗೂ ಒಂದು ಗುಂಡೂ ಕೊಡಲಿಲ್ಲ. ಖಾಲಿ ರೈಫಲ್ ಎತ್ತಿ, ಖಾಲಿ ಗೋಡೆಗೆ ಹಿಡಿದು, ಉಸಿರು ಅರ್ಧ ಬಿಟ್ಟು ತಡೆದು, ಕುದುರೆಯನ್ನು, ಅಂದರೆ ಟ್ರಿಗರನ್ನು, ಮೆಲ್ಲಗೆ ಒತ್ತಬೇಕು. ಟಿಕ್ ಅನ್ನುತ್ತದೆ. ಟಿಕ್ ಅಂದ ಮೇಲೂ ಕದಲದೆ ನಿಂತು, ಗುಂಡು ಎಲ್ಲಿ ಬೀಳುತ್ತಿತ್ತು ಅಂತ ಮನಸ್ಸಿನಲ್ಲೇ ನೋಡಬೇಕು. ಆಮೇಲೆ ಮಾಮಾ ಹಿಂದಿನಿಂದ ಕೇಳುವರು, "ಎಲ್ಲಿ ಬಿತ್ತು?" ಇಲ್ಲದ ಗುಂಡು ಇಲ್ಲದ ಚುಕ್ಕಿಯ ಎಡಕ್ಕೆ ಬಿತ್ತು ಅಂತ ನಾವು ಹೇಳುವುದು. "ಯಾಕ ಎಡಕ್ಕ ಬಿತ್ತು?" ಅಂತ ಅವರು ಬಯ್ಯುವುದು.

ಗೋದಾಮಿನ ಮಾಲೀಕರಾದ ಸಾವ್ಕಾರರು ಒಂದು ಸಂಜೆ ಬಾಡಿಗೆದಾರರು ಏನು ಮಾಡುತ್ತಾರೆ ನೋಡೋಣ ಅಂತ ಬಂದರು. ನಾವು ಐದಾರು ಜನ ಗೋಡೆಗೆ ಬಂದೂಕು ಹಿಡಿದು ಶಿಲೆಯ ಹಾಗೆ ನಿಂತಿದ್ದೆವು. ಅವರು ಬಹಳ ಹೊತ್ತು ಕಾದರು.

"ಯಾವಾಗ ಹೊಡಿತಾರ್ರೀ?"

"ಹೊಡಿಲಿಕತ್ತಾರಲ್ರಿ," ಅಂದರು ಮಾಮಾ.

ಸಾವ್ಕಾರರು ಗೋಡೆ ನೋಡಿದರು, ನಮ್ಮನ್ನು ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದು ಒಂದು ಮೂಲೆಯಲ್ಲಿ ಕೈಮುಗಿದು ಕೂತರು. ಮುಂದಿನ ವಾರ ಹೆಂಡತಿಯನ್ನೂ ಕರೆತಂದರು. ಆಕೆಗೆ ಬಿ.ಪಿ. ಇತ್ತು, ಇಲ್ಲಿ ಕೂತರೆ ಇಳಿಯುತ್ತದೆ ಅಂತ ಯಾರೋ ಹೇಳಿದರಂತೆ.

ಇನ್ನು ರೈಫಲ್ ಆರಿಸುವ ಮಾತು. ಕ್ಲಬ್ಬಿನಲ್ಲಿ ಎರಡು ಜಾತಿಯವು ಇದ್ದವು. ಒಂದು ಸ್ಪ್ರಿಂಗಿನದು. ಪ್ರತಿ ಸಲ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯಬೇಕು, ಹೊಡೆದಾಗ ಎಳೆಗರುವಿನ ಹಾಗೆ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಅದನ್ನು ಪ್ರತಿ ಸಲ ಒಂದೇ ರೀತಿ, ಸಡಿಲವಾಗಿ ಹಿಡಿಯದಿದ್ದರೆ ಗುಂಡು ತನಗೆ ಬೇಕಾದಲ್ಲಿ ಹೋಗುತ್ತದೆ. ಇನ್ನೊಂದು ಸಿಲಿಂಡರಿನದು. ಅದರಲ್ಲಿ ಗಾಳಿ ಮೊದಲೇ ತುಂಬಿರುತ್ತದೆ, ಹೊಡೆದರೆ ಹೊಡೆದದ್ದೇ ಗೊತ್ತಾಗುವುದಿಲ್ಲ. ನಾನು ಹಗುರ ಇದೆ ಅಂತ ಸ್ಪ್ರಿಂಗಿನದನ್ನು ಎತ್ತಿಕೊಂಡೆ. ಮಾಮಾ ಅದನ್ನು ಕಸಿದು ಸಿಲಿಂಡರಿನದನ್ನು ಕೈಗಿಟ್ಟರು.

"ಭಾಳ ವಜ್ಜಿ ಅದ ಮಾಮಾ."

"ವಜ್ಜಿ ಇದ್ರನೇ ಅಲುಗೂದಿಲ್ಲ. ಕೈಲೆ ಎತ್ತಬ್ಯಾಡ. ಎಡಗೈ ಮೊಳಕೈ ಟೊಂಕದ ಎಲುಬಿನ ಮ್ಯಾಲ ಇಡು. ನೀರಿನ ಕೊಡ ಹೊತ್ತಂಗ ಹೊರು. ಮಾಂಸ ದಣೀತದ, ಎಲುಬು ದಣಿಯೂದಿಲ್ಲ."

ಕೊಡ ಹೊತ್ತ ಹಾಗೆ ಅಂದಿದ್ದೇ ತಡ ನನಗೆ ಅದು ಕೂತಿತು. ಮೊಳಕೈ ತಾನಾಗಿ ಟೊಂಕ ಸೇರಿತು. ಗಂಡಸರು ಟೊಂಕ ಮುಂದೆ ಮಾಡಿ ಮಾಡಿ ಜಾರಿಸಿಕೊಳ್ಳುತ್ತಿದ್ದರು. ಮಾಮಾ ನನ್ನ ಸುತ್ತ ಒಂದು ಸುತ್ತು ಹಾಕಿ, "ದೇವ್ರು ನಮಗ ಟೊಂಕ ಕೊಡಲಿಲ್ಲ ನೋಡು," ಅಂತ ನಿಜವಾದ ದುಃಖದಿಂದ ಹೇಳಿದರು.

ರೈಫಲ್ಲಿನ ಹಿಂಬದಿ ಯಾರೋ ಆರಡಿ ಆಳಿಗೆ ಮಾಡಿದ್ದು. ಭುಜಕ್ಕೆ ತಾಗಿಸಿದರೆ ಕುದುರೆ ಕೈಗೆ ಸಿಗುತ್ತಿರಲಿಲ್ಲ. ಕೆನ್ನೆ ಇಡುವ ಹಲಗೆ ತಗ್ಗಾಗಿ, ಕಣ್ಣನ್ನು ಗುರಿ ನೋಡುವ ತೂತಿಗೆ ತರಲು ನಾನು ಕೊಕ್ಕರೆಯ ಹಾಗೆ ಕತ್ತು ಬಾಗಿಸುತ್ತಿದ್ದೆ. ಬಡಿಗೇರರ ಹತ್ತಿರ ಹಿಂಬದಿ ಕಡಿಸಿ, ಹಲಗೆ ಎತ್ತರಿಸಿದ ಮೇಲೆ ಒಂದು ದಿನ ಕಣ್ಣು ಮುಚ್ಚಿ ರೈಫಲ್ ಏರಿಸಿ ಕಣ್ಣು ತೆರೆದರೆ ಹಿಂದಿನ ತೂತು, ಮುಂದಿನ ಉಂಗುರ, ಅದರೊಳಗೆ ಕರಿ ಚುಕ್ಕಿ, ಒಂದರೊಳಗೊಂದು ಕೂತಿದ್ದವು. ಮೂವತ್ತು ವರ್ಷ ವೃತ್ತಗಳನ್ನು ಕಲಿತು ಕಲಿಸಿದವಳು ನಾನು. ಅಷ್ಟು ಚೆಂದದ ಏಕಕೇಂದ್ರ ವೃತ್ತಗಳನ್ನು ನೋಡಿದ್ದು ಅವತ್ತೇ.

ಸಿಲಿಂಡರಿಗೆ ಗಾಳಿ ತುಂಬುವುದು ಮಾತ್ರ ನಮ್ಮ ಮನೆಯವರ ಪಾಲಿಗೆ ಬಂತು. ಆ ಕೈಪಂಪು ಸೈಕಲ್ ಪಂಪಿನ ಹಾಗೇ ಕಂಡರೂ ಒತ್ತಲು ಮೈಭಾರವೆಲ್ಲ ಹಾಕಬೇಕು. ಅವರು ದಿನಾ ಬೆಳಿಗ್ಗೆ ಅಂಗಳದಲ್ಲಿ ಬನಿಯನ್ನಿನಲ್ಲಿ ಏದುಸಿರು ಬಿಡುತ್ತ ಒತ್ತುವರು. ಬಾಜು ಮನೆಯವರು ಕಟ್ಟೆಯ ಮೇಲಿಂದ ಕೇಳಿದರು, "ಸೈಕಲ್ ಎಲ್ಲಿ ಅದರೀ?"

"ಸೈಕಲ್ ಇಲ್ರೀ. ಬಂದೂಕಕ್ಕ ಗಾಳಿ ಹಾಕ್ಲಿಕತ್ತೀನಿ."

ಅವರು ಕಟ್ಟೆ ಇಳಿದು ಒಳಗೆ ಹೋದರು. ಕೆಲವು ತಿಂಗಳಲ್ಲಿ ನಮ್ಮ ಮನೆಯವರ ಹೊಟ್ಟೆ ಕರಗಿ ಪ್ಯಾಂಟು ಸಡಿಲಾದವು. ಕ್ಲಬ್ಬಿನಿಂದ ಮೈಗೆ ಲಾಭ ಆದದ್ದು ಅವರೊಬ್ಬರಿಗೇ.

ಮುಂದಿನದು ಜಾಕೀಟು. ಮೈ ಅಲುಗದಂತೆ ಹಿಡಿಯುವ ದಪ್ಪ ಜಾಕೀಟು ಬೇಕು ಅಂದರು ಮಾಮಾ. ಚಿತ್ತಾಪುರದಲ್ಲಿ ಲಾರಿ ಸೀಟಿಗೆ ಹೊದಿಕೆ ಹೊಲಿಯುವವರೊಬ್ಬರಿಗೆ ಅಳತೆ ಕೊಟ್ಟೆವು. ಅವರು ಸೀಟಿಗೆ ಹೊಲಿದಷ್ಟೇ ಶ್ರದ್ಧೆಯಿಂದ ಹೊಲಿದುಕೊಟ್ಟರು. ಅದನ್ನು ತೊಟ್ಟರೆ ನಿಲ್ಲಬಹುದಿತ್ತು, ಬೇರೆ ಏನೂ ಮಾಡಲಾಗುತ್ತಿರಲಿಲ್ಲ. ಬಿದ್ದ ಪೆನ್ನು ಎತ್ತಲಾರೆ, ಕೂಡಲಾರೆ, ನೀರನ್ನು ಯಾರಾದರೂ ಕುಡಿಸಬೇಕು. ಮನೆಯಲ್ಲಿ ನೈಟಿಯ ಮೇಲೆ ಅದನ್ನು ತೊಟ್ಟು ಅಭ್ಯಾಸ ಮಾಡುವಾಗ ಹಾಲಿನವನು ಬಂದರೆ, ಪಾತ್ರೆ ಹಿಡಿಯಲು ಬಗ್ಗಲಾಗದೆ ಹಾಗೇ ನಿಂತು ನೋಡುತ್ತಿದ್ದೆ. ಅವನು ತಾನೇ ಒಳಗೆ ಹೋಗಿ ಪಾತ್ರೆ ತಂದು ಹಾಲು ಹಾಕಿಟ್ಟು ಹೋಗುತ್ತಿದ್ದ.

ಕಡೆಗೆ ಗುಂಡು ಕೈಗೆ ಬಂತು. ಬಂದದ್ದೇ ಒಂದು ಸಮಸ್ಯೆ ಎದ್ದಿತು. ನನ್ನ ಗುಂಡುಗಳು ಕಾಗದದ ಮೇಲೆ ಎರಡು ಗುಂಪಾಗಿ ಬೀಳುತ್ತಿದ್ದವು. ಅರ್ಧ ಬಲಕ್ಕೆ ಒತ್ತಾಗಿ, ಅರ್ಧ ಎಡಕ್ಕೆ ಒತ್ತಾಗಿ. ನಡುವೆ ಒಂದೂ ಇಲ್ಲ. ಮಾಮಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು, "ನಿನ್ನೊಳಗ ಇಬ್ಬರು ಹೊಡಿಲಿಕತ್ತಾರ."

ಆ ಇನ್ನೊಬ್ಬಳನ್ನು ಹೊರಗೆ ಹಾಕುವ ಕೆಲಸ ಶುರುವಾಯಿತು. ಬೇರೆ ಬೇರೆ ಡಬ್ಬಿಯ ಗುಂಡು ತಂದು, ರೈಫಲ್ಲನ್ನು ಬಡಿಗೇರರು ಮರ ಕಚ್ಚಿಸಿ ಹಿಡಿಯುವ ಶಿಕಂಜಕ್ಕೆ ಬಿಗಿದು ಹೊಡೆದು ನೋಡಿದರು. ಎಲ್ಲವೂ ಒಂದೇ ತೂತಿನಲ್ಲಿ ಹೋದವು. ಬಂದೂಕಿನ ತಪ್ಪಿಲ್ಲ ಅಂದಾಯಿತು. ನನ್ನ ಚಹಾ ಬಂದ್ ಮಾಡಿಸಿದರು. ಉಸಿರು ಎಣಿಸಿದರು. ನಳಿಗೆಯ ಮೇಲೆ ನಾಣ್ಯ ಇಟ್ಟು ಅದು ಬೀಳದ ಹಾಗೆ ಕುದುರೆ ಒತ್ತಿಸಿದರು. ನಾಣ್ಯ ಬೀಳಲಿಲ್ಲ, ಗುಂಪು ಮಾತ್ರ ಎರಡೇ. ಕೊನೆಗೆ ನಮ್ಮ ಮನೆಯವರನ್ನು ಗೋದಾಮಿಗೆ ಕರೆಸಿ, ನನ್ನನ್ನು ದೂರ ಕಳಿಸಿ, "ಮನ್ಯಾಗ ಏನರ ಜಗಳ ಅದನು?" ಅಂತ ಕೇಳಿದರಂತೆ. ಇವರು ಪಂಪಿನ ಬಗ್ಗೆ ಒಂದೆರಡು ಮಾತು ಹೇಳಿದರಂತೆ.

ಆ ವಾರವೇ ಅಕ್ಕ ಎಲ್ಲರಿಗೂ ಚಹಾ ತಂದಳು. ನಾನು ನಿಲ್ಲುವ ಜಾಗದಲ್ಲಿ ಬಂದು ನಿಂತು ತಾಟು ಚಾಚಿದಳು. ಕೆಳಗೆ ಟಕ್ ಅಂತು, ಚಹಾ ತುಳುಕಿತು. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲಿನ ಪರಸಿ. ನನ್ನ ಕಾಲಡಿಯ ಪರಸಿಯ ಒಂದು ಮೂಲೆ ಎದ್ದಿತ್ತು. ಮೈಭಾರ ಈ ಕಡೆ ಬಿದ್ದರೆ ಬಲಗುಂಪು, ಆ ಕಡೆ ಬಿದ್ದರೆ ಎಡಗುಂಪು.

"ಕಲ್ಲ ಅಲುಗಾಡ್ಲಿಕತ್ತದ, ನೀವು ಆಕಿ ಚಹಾ ಬಿಡಸೀರಿ," ಅಂದಳು ಅಕ್ಕ. ಮಾಮಾ ಮೊಣಕಾಲೂರಿ ಕಲ್ಲಿಗೆ ಸಿಮೆಂಟ್ ಮೆತ್ತಿದರು. ದುರಂತ ಏನೆಂದರೆ, ಅಲುಗುವ ಕಲ್ಲಿಗೆ ನನ್ನ ಕಾಲು ಎಷ್ಟು ಒಗ್ಗಿಹೋಗಿತ್ತು ಅಂದರೆ, ಗಟ್ಟಿ ಕಲ್ಲಿನ ಮೇಲೆ ನಿಂತಾಗ ಕೆಲವು ದಿನ ಗುಂಡು ಕಾಗದಕ್ಕೇ ತಾಗಲಿಲ್ಲ.

ಅಷ್ಟರಲ್ಲಿ ಮಾಮಾ ಅವರ ದೂರದ ಕಾಕಾ ಒಬ್ಬರು ಚಿಂಚೋಳಿ ಕಡೆಯಿಂದ ಬಂದರು. ಚಂದ್ರಂಪಳ್ಳಿಯ ಕೆರೆಯ ಹತ್ತಿರ ಅವರ ಹೊಲ. ಕಾಡಿನ ಮಂಗಗಳು ಇಳಿದು ಶೇಂಗಾ ಕಿತ್ತು ತಿನ್ನುತ್ತಿದ್ದವು.

"ಬಂದೂಕ ಅದಾವಂತ ಕೇಳೀನಿ. ಸುಮ್ಮ ಬಂದು ತೋರಸ್ರಿ, ಓಡಿ ಹೋಗ್ತಾವ."

"ಜೀವದ ಕಡಿ ಖಾಲಿ ಬಂದೂಕನೂ ತೋರಸಂಗಿಲ್ಲ ಕಾಕಾ. ಅದು ಕಾಯ್ದೆ," ಅಂದರು ಮಾಮಾ. ಆದರೂ ಕಾಕಾನ ಮಾತು ತೆಗೆದುಹಾಕಲಾಗದು. ರವಿವಾರ ಹೋದೆವು. ಮಾಮಾ ತಮ್ಮ ಕಾಯ್ದೆ ಬಿಡಲಿಲ್ಲ. ಹೊಲದ ಅಂಚಿನ ಎತ್ತರದ ಒಡ್ಡಿಗೆ ಕಾಗದ ಚುಚ್ಚಿ, ಅದರ ಕಡೆ ಮುಖ ಮಾಡಿ ನಮ್ಮನ್ನು ಖಾಲಿ ಬಂದೂಕಿನೊಂದಿಗೆ ಸಾಲಾಗಿ ನಿಲ್ಲಿಸಿದರು. ಮಂಗಗಳು ನಮ್ಮ ಹಿಂದೆ ಹೊಲದಲ್ಲಿದ್ದವು.

"ಮಂಗ್ಯಾಗ ಬೆನ್ನ ಮಾಡಿ ನಿಂತ್ರ ಅವು ಹ್ಯಾಂಗ ಓಡ್ತಾವೋ?" ಅಂದರು ಕಾಕಾ.

ಓಡಲಿಲ್ಲ. ಆದರೆ ತಿನ್ನುವುದು ನಿಲ್ಲಿಸಿದವು. ಒಂದೊಂದಾಗಿ ಬಂದು ನಮ್ಮ ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ ಕೂತವು. ನನಗೆ ಜಾಕೀಟಿನಲ್ಲಿ ತಿರುಗಿ ನೋಡಲು ಆಗುತ್ತಿರಲಿಲ್ಲ. ಕಾಕಾ ಮೆಲುದನಿಯಲ್ಲಿ ವರದಿ ಕೊಡುತ್ತಿದ್ದರು, "ಕುಂತಾವ. ನಿಮ್ಮನ್ನೇ ನೋಡ್ಲಿಕತ್ತಾವ. ದೊಡ್ಡದು ತೆಲಿ ಕೆರಕೊಂತದ." ನಾವು ಟಿಕ್ ಅನ್ನಿಸಿದಾಗೆಲ್ಲ ಮಂಗಗಳು ಕಾಗದದ ಕಡೆ ನೋಡುತ್ತಿದ್ದವಂತೆ, ಆಮೇಲೆ ನಮ್ಮ ಕಡೆ.

ನಾವು ನೀರು ಕುಡಿಯಲು ರೈಫಲ್ ಇಳಿಸಿದ್ದೇ ತಡ, ಅವೂ ಎದ್ದು ಶೇಂಗಾಕ್ಕೆ ಕೈ ಹಾಕಿದವು. "ನಿಂದ್ರಿ, ನಿಂದ್ರಿ, ಇಳಸಬ್ಯಾಡ್ರಿ," ಅಂತ ಕಾಕಾ ಕೈ ಬೀಸುತ್ತ ಬಂದರು. ಮತ್ತೆ ನಿಂತೆವು. ಮತ್ತೆ ಕೂತವು. ಶೇಂಗಾ ಕೀಳುವವರೆಗೂ ನಮ್ಮ ರವಿವಾರಗಳು ಹೀಗೇ ಹೋದವು. ಬೆನ್ನ ಹಿಂದೆ ಅಷ್ಟು ಕಣ್ಣು ಇರುವಾಗ ನಡುಗದೆ ನಿಲ್ಲುವುದು ಎಲ್ಲಕ್ಕಿಂತ ದೊಡ್ಡ ಅಭ್ಯಾಸ ಅಂತ ಮಾಮಾ ಖುಷಿಯಾದರು. ಖರೆಯೇ, ನನ್ನ ಹಿಡಿತ ಗಟ್ಟಿಯಾಯಿತು. ಬಾಜು ಹೊಲದವರು ತಮ್ಮಲ್ಲೂ ಬಂದು ನಿಲ್ಲಬೇಕು ಅಂತ ಕೇಳಲು ಹತ್ತಿದರು. ಸಾಲೆಯ ಕೆಲಸ ಇದೆ ಅಂತ ತಪ್ಪಿಸಿಕೊಂಡೆ.

ಆಮೇಲೆ ವಾಡಿಯಲ್ಲಿ ಸುತ್ತಲಿನ ಕ್ಲಬ್ಬುಗಳು ಸೇರಿ ಒಂದು ಸ್ಪರ್ಧೆ ಇಟ್ಟರು. ಮದುವೆ ಹಾಲ್ ಒಂದರಲ್ಲಿ ಹಲಗೆ ನಿಲ್ಲಿಸಿ, ಪ್ರತಿಯೊಬ್ಬರಿಗೂ ಒಂದು ಕಾಗದ. ನನ್ನ ಬಲಕ್ಕೆ ರೈಲ್ವೆಯಿಂದ ರಿಟೈರಾದ ಒಬ್ಬ ಅಜ್ಜ, ಎಲ್ಲರ ಬಾಯಲ್ಲೂ ಮುತ್ಯಾ. ದಪ್ಪ ಕನ್ನಡಕ, ಹಗುರ ಸ್ಪ್ರಿಂಗ್ ರೈಫಲ್.

ನಾನು ಮಾಮಾ ಕಲಿಸಿದ್ದನ್ನೇ ಮಾಡಿದೆ. ಕಾಲು ಊರಿದೆ, ಕಣ್ಣು ಮುಚ್ಚಿದೆ, ಎರಡು ಉಸಿರು ಬಿಟ್ಟು ಕಣ್ಣು ತೆರೆದೆ. ಉಂಗುರದ ನಡುವೆ ಕರಿ ಚುಕ್ಕಿ ಬೊಟ್ಟಿಟ್ಟ ಹಾಗೆ ನಿಂತಿತ್ತು. ಕೈಯಿಂದ ತಿದ್ದುವ ಗೊಡವೆಯೇ ಇರಲಿಲ್ಲ. ಹಾಲಿನ ಹಿಂದೆ ರೈಲು ಕೂಗುತ್ತಿದ್ದವು, ನನಗೆ ಕೇಳಲಿಲ್ಲ. ಹೊಡೆದ ಒಂದೊಂದೂ ನಡುವೆ ಬೀಳುತ್ತಿದೆ ಅಂತ ನೋಡದೆಯೇ ತಿಳಿಯುತ್ತಿತ್ತು. ಜೀವಮಾನದಲ್ಲಿ ನಾನು ಅಷ್ಟು ಸಮಾಧಾನದಿಂದ ಯಾವ ಕೆಲಸವನ್ನೂ ಮಾಡಿಲ್ಲ.

ಮುಗಿದ ಮೇಲೆ ಕಾಗದ ತಂದರು. ನನ್ನದು ಬಿಳಿ. ಒಂದು ತೂತೂ ಇಲ್ಲ. ಮುತ್ಯಾನ ಕಾಗದದಲ್ಲಿ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ತೂತು. ನಡುವೆ ಒಂದು ಒತ್ತಾದ ಗುಂಪು, ಸುತ್ತ ಮೂಲೆಮೂಲೆಗೆ ಚೆದುರಿದವು. ನಾನು ಕಣ್ಣು ಮುಚ್ಚಿದ್ದಾಗ ಮೈ ಮುತ್ಯಾನ ಕಾಗದದ ಕಡೆಗೆ ತಿರುಗಿತ್ತು, ಕಣ್ಣು ತೆರೆದಾಗ ಕಂಡ ಚುಕ್ಕಿ ಅದರದು.

ತೀರ್ಪು ಕೊಡುವ ಪಂಚರು ಮುತ್ಯಾನನ್ನು ಕೇಳಿದರು, "ಇವ್ಯಾವು ನಿಮ್ಮವು ಮುತ್ಯಾ?"

ಮುತ್ಯಾ ಕನ್ನಡಕ ಒರೆಸಿಕೊಂಡು ನಡುವಿನ ಗುಂಪಿನ ಮೇಲೆ ಬೆರಳಿಟ್ಟರು. "ಇವು ನನ್ನವು." ಆಮೇಲೆ ಚೆದುರಿದವನ್ನು ತೋರಿಸಿ, "ಇವು ಆ ಟೀಚರಮ್ಮಂದು ಇರಬೇಕು. ಹೊಸಾಕಿ ಅದಾಳ, ಮಾಫ್ ಮಾಡ್ರಿ," ಅಂದರು. ಸುಳ್ಳು ಹೇಳುವ ಮುಖ ಅದಲ್ಲ. ಮನಸಾರೆ ನಂಬಿದ್ದರು.

ಮಾಮಾ ಮುಂದೆ ಬಂದು, "ನಡುವಿನವು ನಮ್ಮಾಕಿವು," ಅಂದರು. ಪಂಚರು ಪುಸ್ತಕ ತಿರುವಿದರು. ಬೇರೆಯವರ ಕಾಗದಕ್ಕೆ ಹೊಡೆದದ್ದು ಹೊಡೆದಂತಲ್ಲ, ನನ್ನದು ಸೊನ್ನೆ ಅಂತ ತೀರ್ಮಾನವಾಯಿತು. ಆದರೆ ನಲವತ್ತು ಮೀರಿದ ಮಹಿಳೆಯರ ವಿಭಾಗದಲ್ಲಿ ಬಂದವಳು ನಾನೊಬ್ಬಳೇ. ಮೈಕಿನಲ್ಲಿ ಒಬ್ಬರು ಇದ್ದದ್ದನ್ನು ಇದ್ದ ಹಾಗೇ ಓದಿದರು, "ಸೊನ್ನೆ ಅಂಕದೊಂದಿಗೆ ಪ್ರಥಮ ಸ್ಥಾನ." ಚಪ್ಪಾಳೆ ಜೋರಾಗಿಯೇ ಬಂತು. ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್ ಕೊಟ್ಟರು. ನನಗೆ ನಾಚಿಕೆ ಆಗಬೇಕಿತ್ತು. ಯಾಕೋ ಆಗಲಿಲ್ಲ. ಆ ಗುಂಪು ಕಣ್ಣೆದುರಿಗೆ ಇತ್ತಲ್ಲ, ಯಾರ ಕಾಗದದ ಮೇಲಾದರೂ ಇರಲಿ.

ಮುಂದಿನ ರವಿವಾರ ಮುತ್ಯಾ ವಾಡಿಯಿಂದ ರೈಲು ಹತ್ತಿ ಸೇಡಂಗೆ ಬಂದರು. ಕ್ಲಬ್ಬಿಗೆ ಸೇರಬೇಕು ಅಂದರು. ಎಲ್ಲಿ ನಿಲ್ಲುತ್ತೀರಿ ಅಂತ ಮಾಮಾ ಕೇಳಿದರೆ, "ಟೀಚರಮ್ಮನ ಬಾಜು. ಆಕಿ ಬಾಜು ನಿಂತ್ರ ನಂದು ಭಾಳ ಛಲೋ ಬೀಳ್ತದ," ಅಂದರು.

ಮಾಮಾ ಅವರನ್ನೂ ಮೊದಲಿನಿಂದ ಶುರು ಮಾಡಿಸಿದ್ದಾರೆ. ಗುಂಡಿಲ್ಲ, ಕಾಗದವಿಲ್ಲ, ಬರೀ ಗೋಡೆ. ಮುತ್ಯಾ ಉಸಿರು ಹಿಡಿದು ನಿಲ್ಲುತ್ತಾರೆ. ಟಿಕ್ ಅಂದ ಮೇಲೆ ಬಂದೂಕು ಇಳಿಸದೆ, ಮಾಮಾಗೆ ಕೇಳದ ಹಾಗೆ ನನ್ನನ್ನು ಕೇಳುತ್ತಾರೆ, "ಎಲ್ಲಿ ಬಿತ್ತವ್ವ?"

"ನಡುವ ಬಿತ್ರಿ ಮುತ್ಯಾ," ಅನ್ನುತ್ತೇನೆ.