ಸೊಸೆ ವಾಪಸ್ ಬಂದಳಾ?

"ಆ ಸೊಸೆ ಮನೆಗೆ ವಾಪಸ್ ಬಂದಳಾ, ನೋಡಿ ಹೇಳ್ರೀ," ಅಂದಳು ನನ್ನ ಹೆಂಡತಿ, ಆಸ್ಪತ್ರೆಯಲ್ಲಿ. ಅದೇ ಅವಳ ಕೊನೆಯ ಮಾತು.

ಇಲ್ಲಿ ಅಮೆರಿಕದಲ್ಲಿ ನಮ್ಮ ಟೀವಿಯಲ್ಲಿ ಚೀನಾದ ಯಾವುದೋ ಪ್ರಾಂತ್ಯದ ಸರ್ಕಾರಿ ಚಾನೆಲ್ಲುಗಳು ಬರುತ್ತವೆ. ಒಂದರಲ್ಲಿ ಬರುವ, ಮನೆ ಬಿಟ್ಟು ಹೋದ ಸೊಸೆಯೊಬ್ಬಳ ಧಾರಾವಾಹಿಯನ್ನು ಅವಳು ಭಾಷೆ ಬಾರದಿದ್ದರೂ ಬಿಡದೆ ನೋಡುತ್ತಿದ್ದಳು. "ಅಳು ಅರ್ಥ ಆಗ್ತದಲ್ಲ," ಅನ್ನುತ್ತಿದ್ದಳು.

ತಿಥಿ ಮುಗಿಸಿ ರಾಬಿನ್ಸ್‌ವಿಲ್ ಗೋದಾಮಿಗೆ ಕೆಲಸಕ್ಕೆ ಹೋದಾಗ, ನನ್ನ ಜೊತೆ ಡಬ್ಬ ಕಟ್ಟುವ ಚೀನೀ ಮುದುಕನನ್ನು ಕೇಳಿದೆ. ಅವನೂ ಆ ಧಾರಾವಾಹಿ ನೋಡುವವನೇ. ನನ್ನಷ್ಟೇ ಹರುಕು ಇಂಗ್ಲಿಷಿನಲ್ಲಿ, "ಇನ್ನೂ ಬಂದಿಲ್ಲ. ಸರ್ಕಾರಿ ಚಾನೆಲ್ ಅಲ್ವಾ, ಬಂದೇ ಬರ್ತಾಳೆ. ಹೋದವರನ್ನೆಲ್ಲ ಕೊನೆಗೆ ಮನೆಗೆ ಕರೆಸ್ತಾರೆ," ಅಂದ. ನಗಬೇಕು ಅನ್ನಿಸಿತು, ಆಗಲಿಲ್ಲ.

ಮರುದಿನ ಬೆಳಗ್ಗೆ ಆ ಚಾನೆಲ್ ಹಾಕಿ, ಅವಳ ಕುರ್ಚಿಯನ್ನು ಟೀವಿ ಮುಂದೆ ಎಳೆದಿಟ್ಟು, ಟೀವಿ ಆರಿಸದೆಯೇ ಕೆಲಸಕ್ಕೆ ಹೋದೆ.