ಗಾಳಿ ಯಂತ್ರಕ್ಕೆ ಮಗ್ಗದ ಎಣ್ಣೆ

ಗೆಳೆಯರೇ, ನನ್ನ ಯಂತ್ರ ಸುಳ್ಳು ಹೇಳುತ್ತದಂತೆ. ಪಕ್ಕದ ಮನೆಯ ಬಾಬು ಕಾಕಾ ಇವತ್ತು ಬೆಳಿಗ್ಗೆ ಜಗಳಕ್ಕೇ ಬಂದರು.

"ನಿನ್ನ ಮಷೀನ್ ಗಾಳಿ ಸೊನ್ನಿ ಅಂತ ತೋರಸಾಕತ್ತಿತ್ತು. ನಂಬಿ ಸೋರೂ ಶೆಡ್ಡಿನ ಮ್ಯಾಲ ತಾಡಪತ್ರಿ ಹೊಚ್ಚಿದ್ನಿ. ಹಾರಿ ಹೋತು! ನೂಲೆಲ್ಲಾ ತೊಯ್ದು ತಪ್ಪಡಿ ಆತು."

ನಮ್ಮ ಮಾಳಿಗೆಯ ಹವಾಮಾನ ಯಂತ್ರ ಹಳೆಯದು, ನಿಜ. ಒಂದು ವಾರದಿಂದ ಒಮ್ಮೆ ಗಾಳಿಯೇ ಇಲ್ಲ, ಮರುಕ್ಷಣ ಬಿರುಗಾಳಿ ಎನ್ನುತ್ತಿತ್ತು. ಸೆಲ್ ಬದಲಿಸಿದೆ, ವಾಯರ್ ಬದಲಿಸಿದೆ, ಏನೂ ಉಪಯೋಗವಾಗಲಿಲ್ಲ. ಇವತ್ತು ಕಾಕಾರ ಎದುರೇ ಏಣಿ ಹತ್ತಿದೆ. ಗಾಳಿಗೆ ತಿರುಗುವ ಬಟ್ಟಲುಗಳ ಬುಡದಲ್ಲಿ ಕಪ್ಪು ಜಿಡ್ಡು. ನಮ್ಮೂರು ಇಚಲಕರಂಜಿಯ ಮಗ್ಗಗಳಿಂದ ಹಾರಿಬಂದ ಹತ್ತಿಯ ಧೂಳೆಲ್ಲ ಅದಕ್ಕೆ ಅಂಟಿ ದಪ್ಪ ಬತ್ತಿಯಂತಾಗಿತ್ತು.

"ಕಾಕಾ, ಇದಕ್ಕ ಎಣ್ಣಿ ಯಾರ ಬಿಟ್ಟಾರ್ರೀ?"

"ನಾನs. ಹೋದ ವಾರ ಕಿರ್ ಕಿರ್ ಅನ್ನಾಕತ್ತಿತ್ತು, ಮಗ್ಗದ ಎಣ್ಣಿ ಬಿಟ್ನಿ. ತಿರಗೂ ವಸ್ತುಕ್ಕ ಎಣ್ಣಿ ಬ್ಯಾಡೇನ? ಮಗ್ಗದಾಗs ಹುಟ್ಟಿ ಬೆಳದೇನಿ, ನನಗ ಕಲಸ್ತೀ?"

ಕಲಿಸುವುದುಂಟೇ? ಈ ಊರಿನಲ್ಲಿ ಬಾಗಿಲು ಕಿರುಗುಟ್ಟಿದರೂ ಮಗ್ಗದ ಎಣ್ಣೆ, ಮೊಣಕಾಲು ನೋವಾದರೂ ಮಗ್ಗದ ಎಣ್ಣೆ. ಇಳಿದು ಬಂದು, ಒಳಗಿಟ್ಟಿದ್ದ ಯಂತ್ರದ ಪರದೆಯನ್ನು ತಂದು ಅವರ ಮುಖದ ಮುಂದೆ ಹಿಡಿದೆ. ಸೊನ್ನೆ.

"ಮತ್ತ? ಎಣ್ಣಿ ಬಿಟ್ಟ ಮ್ಯಾಲ ಬರೋಬ್ಬರಿ ಹೇಳಾಕತ್ತೇತಿ," ಎಂದರು ಕಾಕಾ. "ಗಾಳಿ ಎಲ್ಲಿ ಐತಿ?"

ಹಾರಿಹೋಗುತ್ತಿದ್ದ ಟೋಪಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡೇ ಕೇಳಿದರು.